ಕೃಷ್ಣ ಮಲಗಿದ್ದ, ಮುಖ್ಯ ಅತಿಥಿ ಬಂದರು

ಮೈಸೂರಿನಲ್ಲಿ ನನಗೆ ನಾಟಕದ ಹುಚ್ಚಿನ ಗೆಳೆಯರೇ ಜಾಸ್ತಿ. ರಂಗಾಯಣದಲ್ಲಿ ನಾಟಕ ನೋಡಿ ಹೊರಗೆ ಬಂದು ಟೀ ಕುಡಿಯುವಾಗ ಮಾತು ಹೇಗೋ ಸಿನಿಮಾ ಕಡೆ ತಿರುಗುತ್ತದೆ. ನಿನ್ನನ್ನ ತುಂಬಾ ನಗಿಸಿದ ಸಿನಿಮಾ ಯಾವುದು ಅಂತ ಯಾರಾದರೂ ಕೇಳುತ್ತಾರೆ. ನಾನು ಪ್ರತಿ ಸಲ ಅದೇ ಹೆಸರು ಹೇಳುತ್ತೇನೆ: 'ವೇಟಿಂಗ್ ಫಾರ್ ಗಫ್‌ಮನ್'. ಆಮೇಲೆ ಬರುವ ಪ್ರಶ್ನೆಯೂ ಪ್ರತಿ ಸಲ ಅದೇ. "ಅದು ಸಣ್ಣ ಊರಿನ ನಾಟಕದವರನ್ನ ಗೇಲಿ ಮಾಡೋ ಸಿನಿಮಾ ಅಲ್ವಾ? ನಿಮ್ಮ ಮನೆಯವರೇ ಮಂಡ್ಯ ಕಡೆ ನಾಟಕ ಆಡೋರು. ನಿನಗೆ ಅದು ನೋಡಿ ಹೇಗೆ ನಗು ಬರುತ್ತೆ?"

ಟೀ ಲೋಟ ಖಾಲಿಯಾಗುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನೋಡದವರಿಗೆ ಕಥೆ ಹೇಳಿಬಿಡುತ್ತೇನೆ. 1996ರ ಅಮೆರಿಕನ್ ಸಿನಿಮಾ. ನಿರ್ದೇಶಕ ಕ್ರಿಸ್ಟೋಫರ್ ಗೆಸ್ಟ್. ಮಿಸೌರಿ ರಾಜ್ಯದ ಬ್ಲೇನ್ ಅನ್ನೋ ಕಾಲ್ಪನಿಕ ಊರಿಗೆ 150 ವರ್ಷ ತುಂಬುತ್ತದೆ. ಊರಿನ ಚರಿತ್ರೆಯ ಮೇಲೆ ಒಂದು ಸಂಗೀತ ನಾಟಕ ಆಡಿಸಬೇಕು. ಆಡಿಸುವವನು ಕಾರ್ಕಿ, ನ್ಯೂಯಾರ್ಕಿನಲ್ಲಿ ಕೈ ಸುಟ್ಟುಕೊಂಡು ಬಂದವನು. ಈ ಪಾತ್ರ ಗೆಸ್ಟ್ ಅವರದೇ. ನಟರು ಯಾರು ಅಂದರೆ ಹಲ್ಲಿನ ಡಾಕ್ಟರು, ಐಸ್‌ಕ್ರೀಮ್ ಅಂಗಡಿಯ ಹುಡುಗಿ, ಊರು ಬಿಟ್ಟು ಹೋಗಿದ್ದೇ ಅಪರೂಪವಾದ ಟ್ರಾವೆಲ್ ಏಜೆಂಟ್ ಗಂಡ ಹೆಂಡತಿ. ನ್ಯೂಯಾರ್ಕಿನಿಂದ ಗಫ್‌ಮನ್ ಅನ್ನೋ ದೊಡ್ಡ ಮನುಷ್ಯ ಬಂದು ನಾಟಕ ನೋಡುತ್ತಾನೆ, ಮೆಚ್ಚಿದರೆ ಬ್ರಾಡ್‌ವೇಗೆ ಕರೆದುಕೊಂಡು ಹೋಗುತ್ತಾನೆ ಅಂತ ಎಲ್ಲರ ಆಸೆ. ಅವನಿಗೆ ಅಂತ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ. ಬೆಕೆಟ್‌ನ 'ವೇಟಿಂಗ್ ಫಾರ್ ಗೋಡೊ' ನಾಟಕದಲ್ಲಿ ಎಷ್ಟು ಕಾದರೂ ಗೋಡೊ ಬರುವುದಿಲ್ಲ. ಅದು ಗೊತ್ತಿರುವವರಿಗೆ ಹೆಸರಿನಲ್ಲೇ ಅವನ ಗತಿ ಗೊತ್ತಾಗಿಬಿಡುತ್ತದೆ.

ಇದೆಲ್ಲ ನಿಜವಾಗಿ ನಡೆದದ್ದು, ಯಾರೋ ಕ್ಯಾಮೆರಾ ಹಿಡಿದು ಹಿಂದೆ ಬಿದ್ದಿದ್ದಾರೆ ಅನ್ನೋ ಹಾಗೆ ತೆಗೆದಿದ್ದಾರೆ. ಇಂಥದ್ದಕ್ಕೆ ಮಾಕ್ಯುಮೆಂಟರಿ ಅಂತಾರೆ. ಸಾಕ್ಷ್ಯಚಿತ್ರದ ವೇಷ ಹಾಕಿದ ತಮಾಷೆ. ಆಟ ಹಳೆಯದು. 1957ರ ಏಪ್ರಿಲ್ 1ರಂದು ಬಿಬಿಸಿಯವರು ಸ್ವಿಟ್ಜರ್ಲೆಂಡಿನಲ್ಲಿ ಮರದಿಂದ ಶಾವಿಗೆಯಂಥ ಸ್ಪಗೆಟಿ ಕೊಯ್ಯುತ್ತಿದ್ದಾರೆ ಅಂತ ಗಂಭೀರವಾಗಿ ತೋರಿಸಿ ಜನರನ್ನು ಏಮಾರಿಸಿದ್ದರು.

ಈಗ ನಮ್ಮ ಕಡೆಯ ವಿಷಯಕ್ಕೆ ಬರುತ್ತೇನೆ. ಇದಿಲ್ಲದೆ ನನ್ನ ಉತ್ತರ ಅರ್ಥ ಆಗುವುದಿಲ್ಲ.

ಮಂಡ್ಯ ಸೀಮೆಯಲ್ಲಿ ಪೌರಾಣಿಕ ನಾಟಕ ಅಂದರೆ ಮೊದಲು ಬಾಯಿಗೆ ಬರೋದು ಕುರುಕ್ಷೇತ್ರ. ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆ ತಂದಿತ್ತು ಅಂತ ಹಳಬರು ಇವತ್ತಿಗೂ ಹೇಳುತ್ತಾರೆ. ನಮ್ಮೂರಿನಲ್ಲಿ ಆನೆ ಕುದುರೆ ಎಲ್ಲ ಪರದೆ ಮೇಲೆ. ನಮ್ಮಲ್ಲಿ ನಟರಿಗೆ ಯಾರೂ ಸಂಬಳ ಕೊಡುವುದಿಲ್ಲ, ನಟರೇ ದುಡ್ಡು ಕೊಟ್ಟು ಪಾರ್ಟು ತಗೋಬೇಕು. ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರು, ಹೊರಗಿನಿಂದ ಬರುವ ಸ್ತ್ರೀ ಪಾತ್ರದವರು, ಎಲ್ಲ ಖರ್ಚು ಆ ದುಡ್ಡಿನಲ್ಲೇ. ಕೃಷ್ಣ, ದುರ್ಯೋಧನ ದುಬಾರಿ. ನಕುಲ ಸಹದೇವರು ಅಗ್ಗ. ದುಬಾರಿ ಪಾರ್ಟಿಗೆ ಗಿರಾಕಿ ಜಾಸ್ತಿ ಆದರೆ ಹಂಚುತ್ತಾರೆ. ಹಾಗಾಗಿ ಒಂದೇ ರಾತ್ರಿ ಇಬ್ಬರು ಕೃಷ್ಣರು, ಮೂವರು ದುರ್ಯೋಧನರು. ಒಂದನೇ ದುರ್ಯೋಧನ ತೆಳ್ಳಗಿದ್ದು ಮೂರನೆಯವನು ದಪ್ಪಗಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನಮ್ಮ ಚಿಕ್ಕಪ್ಪ ಒಂದು ವರ್ಷ ಕಬ್ಬಿನ ದುಡ್ಡು ಬಂದ ವಾರವೇ ಹೋಗಿ ಒಂದನೇ ದುರ್ಯೋಧನನ ಪಾರ್ಟು ಹಿಡಿದರು. ಮೂರು ತಿಂಗಳು ಮನೆಯಲ್ಲಿ ಕಂದ, ವೃತ್ತ ಬಿಟ್ಟರೆ ಬೇರೆ ಮಾತಿಲ್ಲ. ಎಮ್ಮೆಗೆ ಹುಲ್ಲು ಹಾಕುವಾಗಲೂ ಅದೇ. ನಾನು ಪುಸ್ತಕ ಓದಬಲ್ಲೆ ಅನ್ನೋ ಒಂದೇ ಕಾರಣಕ್ಕೆ ನನ್ನನ್ನು ಸೈಡ್ ವಿಂಗಿನಲ್ಲಿ ಪ್ರಾಂಪ್ಟ್ ಮಾಡಲು ನಿಲ್ಲಿಸಿದರು.

ನಾಟಕದ ದಿನ. ರಾತ್ರಿ ಹನ್ನೊಂದು ಆಗಿರಬೇಕು. ಕೃಷ್ಣ ಮಲಗಿರುವ ಸೀನು. ದುರ್ಯೋಧನ ಮೊದಲು ಬಂದು ಕೃಷ್ಣನ ತಲೆಯ ಹತ್ತಿರ ಸಿಂಹಾಸನದಲ್ಲಿ ಕೂರುತ್ತಾನೆ. ಅರ್ಜುನ ಆಮೇಲೆ ಬಂದು ಕಾಲ ಹತ್ತಿರ ನಿಲ್ಲುತ್ತಾನೆ. ಕಣ್ಣು ಬಿಟ್ಟ ಕೃಷ್ಣನಿಗೆ ಮೊದಲು ಕಾಣಿಸೋದು ಅರ್ಜುನ. ಇಡೀ ಯುದ್ಧ ನಿಂತಿರೋದು ಈ ಒಂದು ನೋಟದ ಮೇಲೆ.

ಅಷ್ಟರಲ್ಲಿ ಹೊರಗೆ ಕಾರುಗಳ ಸದ್ದು. ಮುಖ್ಯ ಅತಿಥಿ ಬಂದರು. ಏಳಕ್ಕೆ ಬರಬೇಕಾದವರು. ಮೈಕಿನಲ್ಲಿ ಸ್ವಾಗತ ಶುರುವಾಯಿತು, ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿದರು. ಅತಿಥಿಗಳ ಜೊತೆ ಹತ್ತು ಹನ್ನೆರಡು ಜನ ರಂಗದ ಮೇಲೆ ಹತ್ತಿದರು. ಕೂರಿಸೋದು ಎಲ್ಲಿ? ಇದ್ದದ್ದು ಒಂದೇ ಒಳ್ಳೆ ಕುರ್ಚಿ. ಚಿಕ್ಕಪ್ಪ ಎದ್ದು ಸಿಂಹಾಸನ ಬಿಟ್ಟುಕೊಟ್ಟರು. ಜನರ ಮಧ್ಯೆ ತಳ್ಳಿಸಿಕೊಂಡು ತಳ್ಳಿಸಿಕೊಂಡು ಕೊನೆಗೆ ಕೃಷ್ಣನ ಕಾಲ ಹತ್ತಿರ ಹೋಗಿ ನಿಂತರು. ಅರ್ಜುನ ಸಮಯ ಸಿಕ್ಕಿತು ಅಂತ ಬೀಡಿ ಸೇದಲು ಪರದೆ ಹಿಂದೆ ಹೋದ.

ಕೃಷ್ಣ ನಮ್ಮೂರ ಹಾಲಿನ ಡೇರಿ ಸೆಕ್ರೆಟರಿ, ತುಂಬಾ ನಿಯತ್ತಿನ ಮನುಷ್ಯ. ಏಳಬೇಕೋ ಬೇಡವೋ ಗೊತ್ತಾಗದೆ ಅರ್ಧ ಕಣ್ಣು ಬಿಟ್ಟು ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಬೇಡ ಅಂತ ಕೈ ಮಾಡಿದರು. ಸರಿ, ಮತ್ತೆ ಕಣ್ಣು ಮುಚ್ಚಿದರು. ಇಂಥ ಕಲೆ ಉಳಿಯಬೇಕು ಅಂತ ಇಪ್ಪತ್ತು ನಿಮಿಷ ಭಾಷಣ ಆಯಿತು. ಅಷ್ಟು ಹೊತ್ತೂ ಕಲೆ ಅಲ್ಲೇ ಮಲಗಿತ್ತು. ಆಮೇಲೆ ಕಲಾವಿದರಿಗೆ ಸನ್ಮಾನ. ಕೃಷ್ಣನ ಪಾತ್ರಧಾರಿ ಅಂತ ಹೆಸರು ಕೂಗಿದರು. ಕೃಷ್ಣ ಏಳಲಿಲ್ಲ. ಅತಿಥಿಗಳು ಒಂದು ಕ್ಷಣ ಶಾಲು ಹಿಡಿದು ಹಾಗೇ ನಿಂತರು. ಆಮೇಲೆ ಬಗ್ಗಿ, ಮಲಗಿದ್ದವರಿಗೆ ಕಂಬಳಿ ಹೊದಿಸುವ ಹಾಗೆ ಹೊದಿಸಿಯೇ ಬಿಟ್ಟರು. ಜನ ಶಿಳ್ಳೆ ಹೊಡೆದರು.

ಅತಿಥಿಗಳು ಹೋದರು, ಸಿಂಹಾಸನ ಖಾಲಿ ಆಯಿತು. ಚಿಕ್ಕಪ್ಪ ವಾಪಸ್ ಹೋಗಿ ಕೂರುವುದರೊಳಗೆ ಮೇಷ್ಟ್ರು ಶ್ರುತಿ ಹಿಡಿದರು. ಕೃಷ್ಣ ಕಣ್ಣು ಬಿಟ್ಟ. ಕಾಲ ಹತ್ತಿರ ನಿಂತಿದ್ದವನು ದುರ್ಯೋಧನ. ನಾನು ವಿಂಗಿನಿಂದ "ಅರ್ಜುನ ಇಲ್ಲ, ಸ್ವಲ್ಪ ತಡೀರಿ" ಅಂತ ಪಿಸುಗುಟ್ಟಿದೆ. ಕೇಳಿಸಲಿಲ್ಲ. ಕೃಷ್ಣ ಪುಸ್ತಕದಲ್ಲಿ ಇದ್ದ ಹಾಗೇ, ಪ್ರೀತಿಯಿಂದ, "ಪಾರ್ಥಾ, ಯಾವಾಗ ಬಂದೆಯಪ್ಪಾ?" ಅಂದ.

ಚಿಕ್ಕಪ್ಪ ಮೀಸೆ ತಿರುವಿ, ಎದೆ ಉಬ್ಬಿಸಿ, ತಮ್ಮ ಮುಂದಿನ ಮಾತನ್ನೇ ಹೇಳಿದರು. "ಮೊದಲು ಬಂದವನು ನಾನು, ಕೃಷ್ಣಾ!"

ರಂಗದ ಮೇಲೆ ಒಬ್ಬರೂ ನಗಲಿಲ್ಲ.

ಅದನ್ನೇ ನಾನು ಹೇಳಲು ಹೊರಟಿದ್ದು. ಅಲ್ಲಿ ಇಬ್ಬರಲ್ಲಿ ಒಬ್ಬರು ಕಿಸಕ್ ಅಂದಿದ್ದರೂ ಅದು ಬರೀ ಎಡವಟ್ಟು ಆಗುತ್ತಿತ್ತು. ಗಫ್‌ಮನ್ ಸಿನಿಮಾದಲ್ಲೂ ಹಾಗೇ. ಒಬ್ಬರ ಮುಖದಲ್ಲೂ ನಾವು ತಮಾಷೆ ಮಾಡುತ್ತಿದ್ದೇವೆ ಅನ್ನೋ ಸುಳಿವಿಲ್ಲ. ಗೆಸ್ಟ್ ಮತ್ತು ಹಲ್ಲಿನ ಡಾಕ್ಟರ ಪಾತ್ರ ಮಾಡಿದ ಯೂಜೀನ್ ಲೆವಿ ಕಥೆಯ ಹಂದರ, ಪಾತ್ರಗಳ ಹಿನ್ನೆಲೆ ಬರೆದರು. ಮಾತು ಬಹುಪಾಲು ನಟರು ಕ್ಯಾಮೆರಾ ಮುಂದೆ ಆಡಿಕೊಂಡದ್ದು. 50 ಗಂಟೆಗೂ ಹೆಚ್ಚು ಶೂಟ್ ಮಾಡಿ ಕೊನೆಗೆ ಇಟ್ಟುಕೊಂಡದ್ದು ಒಂದೂವರೆ ಗಂಟೆಗೂ ಕಡಿಮೆ. ಮಾತು ಬಾಯಿಪಾಠ ಆಗಿಲ್ಲದ್ದರಿಂದ ತಡವರಿಸುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ. ನಮ್ಮ ಜನ ಮಾತಾಡೋದೂ ಹಾಗೇ ಅಲ್ವಾ?

ಕ್ಯಾಮೆರಾದ ಕೆಲಸ ಇನ್ನೂ ಸೊಗಸು. ಇದು ನನಗೆ ತಿಳಿದದ್ದು ನಾಟಕ ಆದ ತಿಂಗಳ ಮೇಲೆ. ಈಗ ಊರ ನಾಟಕಕ್ಕೂ ವಿಡಿಯೋದವನು ಬರುತ್ತಾನೆ, ಯೂಟ್ಯೂಬಿಗೂ ಹಾಕುತ್ತಾನೆ. ಅವನು ಬಣ್ಣದ ಮನೆಗೆ ನುಗ್ಗಿ "ಅಣ್ಣಾ, ಒಂದೆರಡು ಮಾತು" ಅಂದಿದ್ದಾನೆ. ಚಿಕ್ಕಪ್ಪನಿಗೆ ಆಗ ಒಂದು ಕಡೆ ಮೀಸೆ ಅಂಟಿಸಿತ್ತು, ಇನ್ನೊಂದು ಕಡೆ ಇನ್ನೂ ಇಲ್ಲ. "ಕಲೆ ಅನ್ನೋದು ರಕ್ತದಲ್ಲೇ ಬರಬೇಕು" ಅಂತ ಶುರು ಮಾಡಿದ್ದಾರೆ. ಹಿಂದೆ ಡ್ರೆಸ್ಸಿನ ಹುಡುಗ ಅವರ ಬೆನ್ನಿಗೆ ಮಂಡಿ ಕೊಟ್ಟು ಸೊಂಟದ ಪಟ್ಟಿ ಎಳೆಯುತ್ತಿದ್ದಾನೆ. ಅವನು ಎಳೆದಾಗಲೆಲ್ಲ ಕಲೆಯ ಮಾತು ಒಂದು ಕ್ಷಣ ನಿಲ್ಲುತ್ತದೆ. ಮಾತು ಒಂದು ಕಡೆ, ಸೊಂಟದ ಪಟ್ಟಿ ಒಂದು ಕಡೆ, ಎರಡೂ ಒಂದೇ ಚೌಕಟ್ಟಿನಲ್ಲಿ. ಗೆಸ್ಟ್ ಬೇಕು ಅಂತ ಮಾಡಿದ್ದನ್ನು ನಮ್ಮ ವಿಡಿಯೋದವನು ಗೊತ್ತಿಲ್ಲದೇ ಮಾಡಿದ್ದ.

ಹಾಗಾದರೆ ಗೇಲಿ ಅಲ್ವಾ? ಸ್ವಲ್ಪ ಹೌದು. ಕಾರ್ಕಿಯ ನಡೆ ನುಡಿ, ಯಾರಿಗೂ ಕಾಣಿಸದ ಅವನ ಹೆಂಡತಿ, ಇವನ್ನು ಇಟ್ಟುಕೊಂಡು ಮಾಡಿದ ಕೆಲವು ಜೋಕುಗಳು ಈಗ ನೋಡಿದರೆ ಮುಜುಗರ ಆಗುತ್ತದೆ. ಅದನ್ನು ನಾನು ಸಮರ್ಥಿಸಲು ಹೋಗುವುದಿಲ್ಲ. ಆದರೆ ಒಂದು ವಿಷಯ ಗಮನಿಸಿ. ಕೊನೆಗೆ ನಾಟಕ ನಡೆಯುತ್ತದಲ್ಲ, ಅದು ಅಷ್ಟೇನೂ ಕೆಟ್ಟದಾಗಿಲ್ಲ. ಹಾಡುಗಳು ಬಾಯಲ್ಲಿ ನಿಲ್ಲುತ್ತವೆ. ಬ್ಲೇನ್ ಜನ ಖುಷಿಯಿಂದ ನೋಡುತ್ತಾರೆ. ಗೆಸ್ಟ್ ಬರೀ ಗೇಲಿ ಮಾಡುವವನಾಗಿದ್ದರೆ ನಾಟಕವನ್ನೇ ಹಾಳು ಮಾಡಿ ಕೈ ತೊಳೆದುಕೊಳ್ಳುತ್ತಿದ್ದ. ಅದು ಸುಲಭ. ಇಲ್ಲಿ ಆ ಖಾಲಿ ಕುರ್ಚಿಗೆ ಯಾರೋ ಒಬ್ಬ ಬಂದು ಕೂರುತ್ತಾನೆ, ಎಲ್ಲರೂ ಅವನನ್ನೇ ಗಫ್‌ಮನ್ ಅಂದುಕೊಂಡು ಪ್ರಾಣ ಕೊಟ್ಟು ಆಡುತ್ತಾರೆ. ಅವನು ಗಫ್‌ಮನ್ ಅಲ್ಲ. ಆ ಜಾಗದಲ್ಲಿ ನನಗೆ ನಗು ನಿಂತುಹೋಗುತ್ತದೆ, ಎಷ್ಟು ಸಲ ನೋಡಿದರೂ.

ಆ ರಾತ್ರಿ ಚಿಕ್ಕಪ್ಪನ ಸೀನಿನ ಇಪ್ಪತ್ತು ನಿಮಿಷ ಹೋಯಿತು. ಟೈಮ್ ಆಯಿತು ಅಂತ ಮೇಷ್ಟ್ರು ಅವರ ಎರಡು ಪದ್ಯ ಹಾರಿಸಿದರು. ಕಬ್ಬಿನ ದುಡ್ಡು ಕೊಟ್ಟು, ಮೂರು ತಿಂಗಳು ಕಲಿತ ಪದ್ಯಗಳು. ಬೇಜಾರಾಗಿರುತ್ತಾರೆ ಅಂತ ನಾನು ಬಣ್ಣದ ಮನೆಗೆ ಹೋದೆ. ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದರು. ಕಣ್ಣು ಹೊಳೆಯುತ್ತಿತ್ತು.

"ಅವ್ರು ಸರಿಯಾಗಿ ನನ್ ಸೀನಿಗೇ ಬಂದ್ರು ಕಣ್ಲಾ ಮಗಾ, ನೋಡ್ದಾ?" ಅಂದರು.

ಹೌದು ಚಿಕ್ಕಪ್ಪ ಅಂದೆ.

ಮೊನ್ನೆ ಫೋನ್ ಮಾಡಿದ್ದರು. ಈ ವರ್ಷವೂ ಅವರೇ ಒಂದನೇ ದುರ್ಯೋಧನ. ಅತಿಥಿಗಳೂ ಆವತ್ತು ಬಂದವರೇ ಅಂತೆ, ಬರ್ತೀನಿ ಅಂತ ಮಾತು ಕೊಟ್ಟಿದ್ದಾರಂತೆ. ಮತ್ತೆ ಹನ್ನೊಂದು ಗಂಟೆಗೆ ಬಂದರೆ ಏನು ಮಾಡ್ತೀರಿ ಅಂತ ಕೇಳಿದೆ.

"ಸೀನರಿಯೋರಿಗೆ ಈಗ್ಲೇ ಹೇಳಿವ್ನಿ," ಅಂದರು. "ಈ ಸಲ ಎರಡು ಸಿಂಹಾಸನ ತತ್ತಾರೆ."