ಇನ್ನೊಂದ್ಸಲ ಹೊತ್ಕೊಂಡು ಬನ್ನಿ ಅಂದಿದ್ದು ನಾನೇ

ಹದಿನಾಲ್ಕು ವರ್ಷದಿಂದ ಕ್ಯಾಮೆರಾ ನಂಬ್ಕೊಂಡೇ ಬದುಕ್ತಿದೀನಿ, ಆದ್ರೂ ಹಾರ್ಡ್ ಡಿಸ್ಕಲ್ಲಿ ಒಂದು ಫೋಲ್ಡರ್ ಇದೆ, ಅದನ್ನ ಓಪನ್ ಮಾಡೋಕೆ ಈಗ್ಲೂ ಮನಸ್ಸು ಬರಲ್ಲ. ಇಟ್ಟಿಗೆ ಗೂಡಿನ ಶೂಟ್ ಅದು.

ಕೂಲಿ ಕಾರ್ಮಿಕರ ಬಗ್ಗೆ ಒಂದು ಸಂಸ್ಥೆ ವರದಿ ತರ್ತಿತ್ತು, ಕವರ್ ಫೋಟೋ ನನ್ನ ಪಾಲಿಗೆ ಬಂದಿತ್ತು. ಫೋಟೋ ಹೆಂಗಿರ್ಬೇಕು ಅಂತ ಅವರು ಕೊಟ್ಟ ಬ್ರೀಫಲ್ಲಿ ಇದ್ದಿದ್ದು ಇಷ್ಟೇ: ವರ್ಟಿಕಲ್, ಮೇಲ್ಗಡೆ ಟೈಟಲ್‌ಗೆ ಜಾಗ, ಕಷ್ಟ ಕಾಣ್ಬೇಕು ಆದ್ರೆ ಕಣ್ಣಲ್ಲಿ ಭರವಸೆ ಇರ್ಬೇಕು. ಬೇರೆಯವರ ಕಣ್ಣಲ್ಲಿ ಏನಿರ್ಬೇಕು ಅಂತ ಆಫೀಸಲ್ಲಿ ಕೂತು ಹೆಂಗೆ ಬರೀತಾರೋ ಗೊತ್ತಿಲ್ಲ, ಆ ಸಿಟ್ಟು ನಂಗೆ ಇನ್ನೂ ಇದೆ. ಆದ್ರೆ ಅವತ್ತು ಆ ಬ್ರೀಫ್ ಹೇಳಿದ ಹಾಗೆ ಕುಣಿದವನು ನಾನೇ.

ಸಂಜೆ ಬೆಳಕು, ಬ್ಯಾಕ್‌ಲೈಟಲ್ಲಿ ಧೂಳೆಲ್ಲ ಹೊಳೀತಿತ್ತು. ಒಬ್ರು ಹೆಂಗಸು ತಲೆ ಮೇಲೆ ಸಿಂಬೆ, ಅದರ ಮೇಲೆ ಹಲಗೆ, ಹಲಗೆ ಮೇಲೆ ಇಟ್ಟಿಗೆ ಜೋಡಿಸ್ಕೊಂಡು ಬಂದ್ರು. ನಾನು ಎಕ್ಸ್‌ಪೋಶರ್ ಸರಿ ಮಾಡ್ಕೊಳ್ಳೋಷ್ಟರಲ್ಲಿ ದಾಟಿ ಹೋಗಿ ಇಳಿಸೇಬಿಟ್ರು, ಸಿಕ್ಕಿದ್ದು ಒಂದು ಅಲುಗಾಡಿದ ಫ್ರೇಮ್. "ಅಕ್ಕಾ, ಇನ್ನೊಂದ್ಸಲ ಹೊತ್ಕೊಂಡು ಬನ್ನಿ, ಒಂದೇ ನಿಮಿಷ" ಅಂದೆ. ಬಂದ್ರು. ಫೋಕಸ್ ಹಿಂದಿನ ಗೋಡೆಗೆ ಹೋಗಿತ್ತು. ಮತ್ತೆ ಕೇಳ್ದೆ. ಏನೂ ಮಾತಾಡ್ಲಿಲ್ಲ ಅವರು, ಸಿಂಬೆ ಬಿಚ್ಚಿ, ಬಟ್ಟೆ ಕೊಡವಿ, ಮತ್ತೆ ಬಿಗಿಯಾಗಿ ಸುತ್ತಿ ತಲೆ ಮೇಲಿಟ್ಕೊಂಡ್ರು. ನಾನು ಆಗ ಕ್ಯಾಮೆರಾದಲ್ಲಿ ಹಿಸ್ಟೋಗ್ರಾಂ, ಅಂದ್ರೆ ಬೆಳಕಿನ ಗ್ರಾಫ್, ನೋಡ್ತಾ ನಿಂತಿದ್ದೆ. ಮೂರನೇ ಸಲ ಸಿಕ್ತು, ಕಣ್ಣು ನೇರ ಲೆನ್ಸಿಗೆ.

ಸಂಸ್ಥೆಯವರಿಗೆ ಸಿಕ್ಕಾಪಟ್ಟೆ ಇಷ್ಟ ಆಯ್ತು, ಭರವಸೆ ಅಂದ್ರೆ ಇದೇ ಅಂದ್ರು. ಲೇಔಟ್ ಆಗಿ ಪ್ರಿಂಟಿಗೆ ಹೋಗೋ ಹಿಂದಿನ ದಿನ ಫೋಟೋ ಎಡಿಟರ್ ಕರೆದು ಕ್ಯಾಮೆರಾದಿಂದ ಬಂದ ಹಾಗೇ ಇರೋ ರಾ ಫೈಲ್ಸ್ ಎಲ್ಲ ತೋರ್ಸು ಅಂದ್ರು. ಪಕ್ಕದಲ್ಲಿ ಕೂತೆ. ಅವರು ಸ್ಟ್ರಿಪ್‌ನ ಒಂದೊಂದಾಗಿ ಸರಿಸ್ತಾ ಹೋದ್ರು, ಟೈಮ್ ನೋಡಿದ್ರು, 5:42, 5:46, 5:51. ಜೂಮ್ ಮಾಡಿ ಬೆರಳಿಟ್ಟು ಏನೋ ಎಣಿಸಿದ್ರು, ಹಿಂದೆ ಹೋಗಿ ಮತ್ತೆ ಎಣಿಸಿದ್ರು. ಆಮೇಲೆ ಕೇಳಿದ್ರು, "ಮೊದಲನೇದ್ರಲ್ಲಿ ಹತ್ತು ಇಟ್ಟಿಗೆ ಇದೆ, ಇದ್ರಲ್ಲಿ ಎಂಟೇ ಇದೆಯಲ್ಲ, ಯಾಕೆ?"

ನನ್ನ ಬಾಯಿಂದ ಮಾತೇ ಹೊರಡ್ಲಿಲ್ಲ. ಒಂದೊಂದು ಇಟ್ಟಿಗೆ ಎರಡೂವರೆ ಮೂರು ಕೆಜಿ, ಮೂರನೇ ಸಲಕ್ಕೆ ಅವರ ಕೈಲಿ ಆಗದೆ ಎರಡು ಕೆಳಗಿಟ್ಟಿದ್ರು, ನಾನು ಅಲ್ಲೇ ಎದುರಿಗೆ ನಿಂತಿದ್ದೋನು ಅದನ್ನ ನೋಡೇ ಇರ್ಲಿಲ್ಲ. ಅಲ್ಲಿ ಕೂಲಿ ಲೆಕ್ಕ ಹಾಕೋದೇ ಇಟ್ಟಿಗೆ ಎಣಿಸಿ, ಅಂದ್ರೆ ನನ್ನ ಒಂಬತ್ತು ನಿಮಿಷ ಅವರ ಕೂಲಿಯಿಂದ ಹೋಗಿದ್ದು. ಆಮೇಲೆ ಆ ಕಣ್ಣು ನೋಡ್ದೆ. ಭರವಸೆ ಅಂತ ಎಲ್ಲರೂ ಹೊಗಳಿದ ಆ ನೋಟ ನನ್ನನ್ನ ಕೇಳ್ತಿದ್ದಿದ್ದು ಒಂದೇ, ಸಾಕಾ ಅಂತ.

ಜೂನಿಯರ್‌ಗಳಿಗೆ ನಾನೇ ಹೇಳ್ಕೊಡೋ ಪಾಠ ಇದು, ನಡೀತಿರೋದನ್ನ ಫೋಟೋಗೋಸ್ಕರ ಬದಲಾಯಿಸ್ಬೇಡಿ ಅಂತ. 1936ರಲ್ಲಿ ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ ತೆಗೆದ ವಲಸೆ ತಾಯಿಯ ಫೋಟೋ ತೋರಿಸ್ದಾಗೆಲ್ಲ, ಲ್ಯಾಂಗ್ ಆ ತಾಯಿಯ ಹೆಸರು ಕೂಡ ಕೇಳಿರ್ಲಿಲ್ಲ, ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅನ್ನೋ ಹೆಸರು ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ, ಅಂತ ಜೋರಾಗಿ ಹೇಳ್ತಿದ್ದೆ. ನಾನೂ ಹೆಸರು ಕೇಳಿರ್ಲಿಲ್ಲ. ಫೋಟೋಗೆ ಒಪ್ಪಿಗೆಯ ಫಾರ್ಮ್ ತುಂಬಿಸಿದ್ದು ಕೋಆರ್ಡಿನೇಟರ್.

ಎಡಿಟರ್ ಬೈಲಿಲ್ಲ, ಇದನ್ನ ಹಾಕಲ್ಲ ಅಂದ್ರು ಅಷ್ಟೇ. ಸಂಸ್ಥೆಯವರಿಗೆ ನಾನೇ ಫೋನ್ ಮಾಡಿ ನಡೆದಿದ್ದೆಲ್ಲ ಹೇಳ್ದೆ, ಕನ್ಸೆಂಟ್ ಫಾರ್ಮ್ ಇದೆಯಲ್ಲ ಸಾರ್, ಸಮಸ್ಯೆ ಏನು ಅಂದ್ರು. ಹೆಬ್ಬೆಟ್ಟು ಒತ್ತಿಸ್ಕೊಂಡಿದ್ದು ಫೋಟೋ ತೆಗೆಯೋಕೆ, ಮೂರು ಸಲ ಭಾರ ಹೊರೋಕಲ್ಲ, ಇದನ್ನ ಅವರಿಗೆ ಅರ್ಥ ಮಾಡಿಸೋಕೆ ಅರ್ಧ ಗಂಟೆ ಹಿಡೀತು.

ಈಗ ಫ್ರೇಮ್ ತಪ್ಪಿದ್ರೆ ತಪ್ತು, ಮತ್ತೆ ಮಾಡಿ ಅಂತ ಕೇಳಲ್ಲ. ಅವರ ಕೆಲಸದಲ್ಲೇ ಇನ್ನೊಂದು ಟ್ರಿಪ್ ಬರುತ್ತೆ, ಅಲ್ಲೀವರೆಗೂ ಕಾಯ್ತೀನಿ, ಹೆಸರು ಕೇಳ್ತೀನಿ, ಬೆಳಕು ಹೋದ್ರೆ ಹೋಗ್ಲಿ. ಕವರ್‌ಗೆ ಕೊನೆಗೆ ಹೋಗಿದ್ದು 5:42ರ ಆ ಅಲುಗಾಡಿದ ಫ್ರೇಮೇ. ಮುಖ ಸರಿಯಾಗಿ ಕಾಣಲ್ಲ, ಟೈಟಲ್‌ಗೆ ಜಾಗ ಸಾಲಲ್ಲ ಅಂತ ಡಿಸೈನರ್ ಇವತ್ತಿಗೂ ಗೊಣಗ್ತಾರೆ. ಹತ್ತು ಇಟ್ಟಿಗೆ ಮಾತ್ರ ಎಣಿಸ್ಬಹುದು.