ಯಾವ ಪುಸ್ತಕ ಕೊಡಿಸಲಿ ಅನ್ನುವವರಿಗೆ

ನಾಲ್ಕಕ್ಷರ ಓದುತ್ತೇನೆ, ಬರೆಯುತ್ತೇನೆ ಎಂದು ಗೊತ್ತಿರುವವರು ಮದುವೆಮನೆಯ ಪಂಕ್ತಿಯಲ್ಲೂ ನನ್ನನ್ನು ಬಿಡುವುದಿಲ್ಲ. "ನಮ್ಮ ಹುಡುಗ ಮೊಬೈಲ್‌ನಾಗಿಂದ ತಲಿ ಎತ್ತಂಗಿಲ್ಲ. ಓದಿನ ರುಚಿ ಹತ್ತಬೇಕಂದ್ರ ಯಾವ ಪುಸ್ತಕ ಕೊಡಿಸಬೇಕು?" ಎಂದು ಕೇಳುತ್ತಾರೆ. ನಾಲ್ಕು ಹೆಸರು ಹೇಳಿದರೆ ಅವರಿಗೂ ಸಮಾಧಾನ, ನನಗೂ ಊಟ ಮುಂದುವರಿಸಬಹುದು. ಆದರೂ ಹೇಳುವುದಿಲ್ಲ. ಯಾಕಂದರೆ ನನಗೆ ಆ ರುಚಿ ಹತ್ತಿಸಿದ್ದು ಯಾವ ಪಟ್ಟಿಯೂ ಅಲ್ಲ, ಮಸ್ಕಿಯ ಗ್ರಂಥಾಲಯದ ಸರ್.

ನಮ್ಮ ಮನೆಯಲ್ಲಿ ಅಕ್ಷರವೆಂದರೆ ಗೊಬ್ಬರದಂಗಡಿಯ ಕ್ಯಾಲೆಂಡರ್ ಮತ್ತು ಟ್ರಂಕಿನಲ್ಲಿದ್ದ ಪಹಣಿ. ಗ್ರಂಥಾಲಯಕ್ಕೆ ನಾನು ಹೋಗುತ್ತಿದ್ದುದು ಫ್ಯಾನಿನ ಆಸೆಗೆ. ರಾಯಚೂರು ಸೀಮೆಯ ಏಪ್ರಿಲ್ ಬಿಸಿಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಹಿರಿಯರು ಪೇಪರನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಹತ್ತಿಯ ದರ, ಎಡದಂಡೆ ಕಾಲುವೆಯ ನೀರು ಅಂತ ಮಾತಾಡುತ್ತಿದ್ದರು. ಹುಡುಗರು ಬಂದರೆ ಗದರಿಸಿ ಕಳಿಸುವುದು ಅವರ ವಾಡಿಕೆ. ಸರ್ ಮಾತ್ರ ಒಂದು ಕಥೆ ಪುಸ್ತಕ ನನ್ನ ಮುಂದಿಟ್ಟು, "ನೋಡು. ಹಿಡಿಸಲಿಲ್ಲಂದ್ರ ಇಟ್ಟುಬಿಡು" ಅಂದರು.

ಹಿಡಿಸಲಿಲ್ಲ. ಇಟ್ಟೆ. ಇನ್ನೊಂದು ಕೊಟ್ಟರು, ಅದೂ ನಾಲ್ಕೇ ಪುಟಕ್ಕೆ ವಾಪಸ್. ಪೂರ್ತಿ ಓದಿದೆಯಾ, ಏನು ನೀತಿ ಕಲಿತೆ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಅದನ್ನು ಕೇಳಲು ಶಾಲೆ ಇತ್ತಲ್ಲ!

ಕೊನೆಗೊಂದು ದಿನ ಬಂಡೆಯ ಚಿತ್ರವಿದ್ದ ತೆಳ್ಳನೆಯ ಪುಸ್ತಕ ತೆರೆದು, "ಇದು ಯಾವ ಗುಡ್ಡ, ಹೇಳು" ಎಂದರು. ನಮ್ಮದೇ ಗುಡ್ಡ! 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್‌ಗೆ ಅಲ್ಲಿ ಶಾಸನ ಸಿಕ್ಕಿತಂತೆ. ಅದುವರೆಗೆ ಸಿಕ್ಕ ಇಂಥ ಶಾಸನಗಳಲ್ಲಿ ಅವನ್ನು ಕೆತ್ತಿಸಿದ ದೊರೆ ತನ್ನನ್ನು 'ದೇವಾನಾಂಪಿಯ', 'ಪಿಯದಸಿ' ಎಂಬ ಬಿರುದುಗಳಿಂದಷ್ಟೇ ಕರೆದುಕೊಂಡಿದ್ದ. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಪಿಯದಸಿ ಅಂದರೆ ಅಶೋಕನೇ ಎಂಬುದು ಇದರಿಂದ ಗಟ್ಟಿಯಾಯಿತು. ನಾವು ಆಡಿಕೊಂಡಿದ್ದ ಗುಡ್ಡ ದಿಲ್ಲಿ, ಕಲ್ಕತ್ತೆಯ ಪಂಡಿತರಿಗೂ ಬೇಕಾಗಿತ್ತು ಎಂಬುದು ನನ್ನ ತಲೆಯಲ್ಲಿ ಹುಳ ಬಿಟ್ಟಿತು.

ಓಡಿಹೋಗಿ ಬಂಡೆ ನೋಡಿದೆ. ಬ್ರಾಹ್ಮಿ ಲಿಪಿ, ಒಂದಕ್ಷರವೂ ತಿಳಿಯಲಿಲ್ಲ. "ಇದನ್ನ ಯಾರು ಓದಿದ್ರು ಸರ್?" ಅಂದರೆ ಸರ್ ಉತ್ತರ ಹೇಳದೆ ಬೀರುವಿನಿಂದ ಬೇರೊಂದು ಪುಸ್ತಕ ತೆಗೆದರು. ಕಲ್ಕತ್ತೆಯ ಟಂಕಸಾಲೆಯಲ್ಲಿದ್ದ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯ ಗಂಟು ಬಿಡಿಸಿದ ಕಥೆ ನನಗೆ ಸಿಕ್ಕಿದ್ದು ಹಾಗೆ. ಅದನ್ನು ಮನೆಗೊಯ್ಯಲು ಠೇವಣಿ ಬೇಕು, ಜಾಮೀನು ಬೇಕು. ನನ್ನ ಹತ್ತಿರ ಎರಡೂ ಇರಲಿಲ್ಲ. ಸರ್ ತಮ್ಮ ಹೆಸರಿಗೆ ಬರೆದುಕೊಂಡು ಕೊಟ್ಟರು; ಕಳೆದಿದ್ದರೆ ದಂಡ ಅವರ ಜೇಬಿನಿಂದಲೇ.

ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ತಳಪಾಯ ಹಾಕಿದ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಪ್ರತಿ ಓದುಗನಿಗೂ ಅವನ ಪುಸ್ತಕ ಎಂಬುದು ಎರಡನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬುದು ಮೂರನೆಯದು. ಗ್ರಂಥಾಲಯ ವಿಜ್ಞಾನದ ಹುಡುಗರು ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಆದರೆ ಇವೆರಡೂ ಕೂಡಬೇಕಾದರೆ, ಈ ಹುಡುಗ ಎಷ್ಟನೇ ಪುಟಕ್ಕೆ ಬೇಸತ್ತ ಎಂದು ನೋಡುವ ಕಣ್ಣೊಂದು ನಡುವೆ ಬೇಕು. ಅಂಗಡಿಯಲ್ಲಿ ಕೊಂಡ ಪುಸ್ತಕಕ್ಕೆ ಆ ಸೌಲಭ್ಯವಿಲ್ಲ. "ಮುನ್ನೂರು ರೂಪಾಯಿ ಕೊಟ್ಟೀನಿ, ಓದಿ ಮುಗಿಸು" ಎಂಬ ಅಪ್ಪನ ದನಿ ಅದರ ಜೊತೆಗೇ ಮನೆಗೆ ಬರುತ್ತದೆ.

ನಿಮ್ಮೂರ ಪಂಚಾಯಿತಿ ಗ್ರಂಥಾಲಯಕ್ಕೆ ಹುಡುಗನನ್ನು ಕಳಿಸಿ. ಈಗ ಅದರ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಎಂದಿರುತ್ತದೆ. 1965ರ ಕಾಯ್ದೆ ಬಂದಾಗಿನಿಂದ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತಾರೆ, ಬಿಟ್ಟಿ ಎಂಬ ಸಂಕೋಚ ಬೇಡ. ಅವನು ಅರ್ಧಕ್ಕೇ ವಾಪಸ್ ಕೊಟ್ಟರೆ ಗದರಬೇಡಿ. ಪಟ್ಟಿ ಬೇಕೇ ಬೇಕೆಂದರೆ ಅಲ್ಲಿಯ ಮೇಲ್ವಿಚಾರಕರನ್ನು ಕೇಳಿ. ನಿಮ್ಮ ಹುಡುಗನನ್ನು ನಾನು ನೋಡಿಲ್ಲ. ನಾಲ್ಕು ದಿನ ಹೋದರೆ ಅವರು ನೋಡಿರುತ್ತಾರೆ.