16 ಗಂಟೆ ಪಾಠ, ಉಳಿದದ್ದು?

ಡಿಗ್ರಿ ಕಾಲೇಜಿನ ಮೇಷ್ಟ್ರಿಗೇನು, ವಾರಕ್ಕೆ 16 ಗಂಟೆ ಪಾಠ, ಆರಾಮದ ಕೆಲಸ ಎನ್ನುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಸಿಗುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ಪಾಠದ ಅವಧಿ ಅಷ್ಟೇ, ನಿಜ. ಅದೇ ನಿಯಮದಲ್ಲಿ ಒಟ್ಟು ಕೆಲಸ ವಾರಕ್ಕೆ 40 ಗಂಟೆಗೆ ಕಡಿಮೆ ಇರಕೂಡದು ಅಂತಲೂ ಇದೆ. ಉಪನ್ಯಾಸಕರು ಎಂಥವರು ಅನ್ನುವುದು ಗೊತ್ತಾಗುವುದು ಆ ಮಿಕ್ಕ 24 ಗಂಟೆಯಲ್ಲಿ.

ಬಿಕಾಂನ ಸವಕಳಿ (ಡಿಪ್ರಿಸಿಯೇಷನ್, ವರ್ಷ ಕಳೆದಂತೆ ಯಂತ್ರದ ಬೆಲೆ ಇಳಿಸುವ ಲೆಕ್ಕ) ಪಾಠವನ್ನೇ ನೋಡಿ. ಯಂತ್ರದ ಬೆಲೆ 1,00,000 ರೂಪಾಯಿ, ದರ ಶೇ. 10. ಸ್ಟ್ರೈಟ್ ಲೈನ್ ಪದ್ಧತಿಯಲ್ಲಿ ಮೂಲ ಬೆಲೆಯ ಮೇಲೆ ಪ್ರತಿ ವರ್ಷ 10,000. ರಿಟನ್ ಡೌನ್ ಪದ್ಧತಿಯಲ್ಲಿ ಆಯಾ ವರ್ಷ ಉಳಿದಿರುವ ಬೆಲೆಯ ಮೇಲೆ: 10,000, ಆಮೇಲೆ 9,000, ಆಮೇಲೆ 8,100. ಮೊದಲ ವರ್ಷ ಎರಡರಲ್ಲೂ ಉತ್ತರ ಒಂದೇ. ಬೋರ್ಡಿನ ಮೇಲೆ ಅಷ್ಟಕ್ಕೇ ನಿಲ್ಲಿಸಿ ನೋಟ್ಸ್ ಬರೆಸಿದರೆ ಮುಗಿಯಿತು. ಪರೀಕ್ಷೆಯಲ್ಲಿ ಹುಡುಗರು ರಿಟನ್ ಡೌನ್ ಲೆಕ್ಕದಲ್ಲಿ ಎರಡನೇ ವರ್ಷಕ್ಕೂ ಮೂಲ ಬೆಲೆಯ ಮೇಲೇ ಶೇ. 10 ಹಾಕುತ್ತಾರೆ. ಅದಕ್ಕೇ ಲೆಕ್ಕವನ್ನು ಮೂರು ವರ್ಷದವರೆಗೆ ಎಳೆಯಬೇಕು. ಇನ್ನೊಂದು ಗುಂಡಿ ಇದೆ: ಯಂತ್ರ ಕೊಂಡದ್ದು ಅಕ್ಟೋಬರ್ 1ಕ್ಕೆ, ಲೆಕ್ಕ ಮುಗಿಸುವುದು ಮಾರ್ಚ್ 31ಕ್ಕೆ ಅಂದರೆ ಮೊದಲ ವರ್ಷದ ಸವಕಳಿ 5,000 ಮಾತ್ರ. ರಿಟನ್ ಡೌನ್‌ನಲ್ಲಿ ಮರುವರ್ಷ 95,000ದ ಮೇಲೆ 9,500. ಇಲ್ಲಿ ಕ್ಲಾಸಿನ ಅರ್ಧ ಹುಡುಗರು ಮರುವರ್ಷಕ್ಕೂ ಆರೇ ತಿಂಗಳು ಹಿಡಿದಿರುತ್ತಾರೆ.

ತಪ್ಪು ಎಲ್ಲಿ ಬೀಳುತ್ತದೆ ಎಂದು ಮೊದಲೇ ಊಹಿಸಿ ಲೆಕ್ಕ ಆರಿಸುವುದೇ ತಯಾರಿ. ಒಂದು ಗಂಟೆಯ ಪಾಠಕ್ಕೆ ಹೊಸಬರಿಗೆ ಎರಡು ಗಂಟೆಯಾದರೂ ಬೇಕು. ಕ್ಲಾಸಿನ ಕೊನೆಯ 15 ನಿಮಿಷ ಹುಡುಗರ ಕೈಲಿ ಲೆಕ್ಕ ಮಾಡಿಸಿ, ಹಿಂದಿನ ಬೆಂಚಿನ ನೋಟ್‌ಬುಕ್ ನೋಡಬೇಕು. ‘ಅರ್ಥ ಆಯ್ತಾ?’ ಎಂದು ಕೇಳಿ ಪ್ರಯೋಜನವಿಲ್ಲ. ‘ಆಯ್ತು ಸಾರ್’ ಎಂದು ಎಲ್ಲರೂ ತಲೆಯಾಡಿಸುತ್ತಾರೆ, ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪಠ್ಯದ ಮುಂದೆ ಕೂತವರಂತೂ ಮೊದಲು.

ಹೈಸ್ಕೂಲ್ ಮೇಷ್ಟ್ರಿಗೆ ಬಿ.ಇಡಿ. ಬೇಕು. ಡಿಗ್ರಿ ಕಾಲೇಜಿನಲ್ಲಿ ಸಾಮಾನ್ಯವಾಗಿ ಕೇಳುವುದು ಸ್ನಾತಕೋತ್ತರದಲ್ಲಿ ಶೇ. 55 ಅಂಕ, ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ. ಪಾಠ ಮಾಡುವ ರೀತಿಯನ್ನು ಯಾರೂ ಕಲಿಸಿರುವುದಿಲ್ಲ. ಹಾಗಾಗಿ ತಮಗೆ ಯಾರೋ ಬರೆಸಿದ ನೋಟ್ಸನ್ನೇ ಮತ್ತೆ ಬರೆಸುತ್ತಾರೆ. ಅದರ ಮೇಲೆ ನ್ಯಾಕ್ (ಕಾಲೇಜಿನ ಗುಣಮಟ್ಟ ಅಳೆದು ದರ್ಜೆ ಕೊಡುವ ಸಂಸ್ಥೆ) ಫೈಲು, ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿ. ಅತಿಥಿ ಉಪನ್ಯಾಸಕರಿಗಾದರೆ ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಅನ್ನುವ ಚಿಂತೆ ಬೇರೆ. ಅವರಿಂದ ತಯಾರಿ ನಿರೀಕ್ಷಿಸುವ ಆಡಳಿತ ಮಂಡಳಿ ಮೊದಲು ಸಂಬಳ ಸರಿಯಾಗಿ ಕೊಡಲಿ.

ಇಂಟರ್ನಲ್ಸ್ (ಕಾಲೇಜೇ ನಡೆಸುವ ಪರೀಕ್ಷೆ) ಪೇಪರ್ ವಾರದೊಳಗೆ ವಾಪಸ್ ಕೊಡಿ. ಬರೀ ಅಂಕ ಹಾಕದೆ, ಲೆಕ್ಕ ತಪ್ಪಿದ ಸಾಲಿಗೇ ಗೆರೆ ಎಳೆದು ಕೊಡಿ.